ಇಪ್ಪತ್ಮೂರನೇ ಹಲ್ಲು

ಸ್ಪಂಜು ಸೀಳುವುದು ಬಿಟ್ಟು ಹಿಸುಕತೊಡಗಿದಾಗ
ಮೊದಲು ಮೈದಾವನ್ನು ಬೈದೆ,
ಆಮೇಲೆ ರಾಯಚೂರಿನ ಮೇ ತಿಂಗಳನ್ನು.
ಚಾಕುವಿನ ಮೇಲೆ ಅನುಮಾನ ಬಂದದ್ದು ಕೊನೆಗೆ,
ಆರು ವರ್ಷ ಜೊತೆಗಿದ್ದವರ ಮೇಲೆ ಬರುವ ಹಾಗೆ,
ತಡವಾಗಿ.

ಹೈದರಾಬಾದಿನ ಬೇಗಂ ಬಜಾರಿನಲ್ಲಿ
ಮೊದಲ ಹತ್ತು ಕೇಕಿನ ದುಡ್ಡಿಗೆ ಕೊಂಡದ್ದು.
ಗೇಣಿನ ಮೇಲೆ ನಾಲ್ಕು ಬೆರಳು ಉದ್ದ,
ಮೊಸಳೆಯ ದವಡೆ.

ಸಾಣೆ ಮೌಲಾಲಿ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ
ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿ
ತಿರುಗಿ ಕೊಟ್ಟ.
"ಇದು ನನ್ನ ಗಾಲಿಗೆ ಬರಂಗಿಲ್ಲವ್ವ.
ಹಿಡದ್ನೆಂದ್ರ ಹಲ್ಲೆಲ್ಲ ಬೋಳು.
ಆಮ್ಯಾಲೆ ನನ್ನ ಬೈತಿ."
ಓಣಿಯ ಈಳಿಗೆ, ಕತ್ತರಿ, ಖಾಟೀಕರ ಮನೆ ಮಚ್ಚು
ಕಿಡಿ ಹಾರಿಸಿಕೊಂಡು ಹೊಳೆಯುತ್ತ ಹೋದವು.
ನನ್ನದು ಹೋದ ಹಾಗೇ ಒಳಗೆ ಬಂತು.

ಸೂಗಪ್ಪ ಮಾವ ಗೋಡೆಯಾಚೆ ಎಲ್ಲ ಕೇಳಿಸಿಕೊಂಡಿದ್ದರು.
ಮೂವತ್ತೊಂದು ವರ್ಷ ಶಕ್ತಿನಗರದಲ್ಲಿ
ಬಾಯ್ಲರಿನ ಜ್ವರ ನೋಡಿದವರು.
ಹಳೇ ಬಿಸ್ಕೀಟಿನ ಡಬ್ಬಿ ತಡಕಾಡಿ
ಬಿಳಿ ಕಡ್ಡಿಯೊಂದು ತೆಗೆದರು:
ಬಳಪದಷ್ಟು ದಪ್ಪ, ಉದ್ದಕ್ಕೂ ಎರಡು ಸಣ್ಣ ತೂತು.
"ಪಿಂಗಾಣಿ ಜಾತಿದು. ಇದರಾಗ ತಂತಿ ಪೋಣಿಸಿ
ಬೆಂಕಿಯೊಳಗ ಇಡ್ತಿದ್ವಿ.
ಸಾವಿರ ಡಿಗ್ರಿ ಸುದ್ದಿ ಹೊರಗ ತರ್ತಿತ್ತು,
ತಾನು ಸುಡ್ತಿರಲಿಲ್ಲ. ಉಕ್ಕಿಗಿಂತ ಗಟ್ಟಿ.
ಕೆಳಗ ಬಿತ್ತಂದ್ರ ಮಾತ್ರ ಬಳಪದಂಗ ಎರಡು ತುಂಡು."

ಹಲ್ಲೊಂದೂ ಉಳಿಯದ ಬಾಯಿ
ಪಾಠ ಶುರು ಮಾಡಿತು.
"ಹಲ್ಲಿನ ತುದಿ ಮುಟ್ಟಬ್ಯಾಡ.
ನಡುವ ಗುಂಡಿ ಐತಲ್ಲ, ಅದರಾಗ ಕಡ್ಡಿ ಮಲಗಿಸು.
ಕಂಪನಿಯಾಂವ ಎಷ್ಟು ಓರೆ ಕೊಟ್ಟಾನೋ ಅಷ್ಟೇ ಓರೆ,
ನಿನ್ನ ಶ್ಯಾಣ್ಯಾತನ ಬ್ಯಾಡ.
ಬಾಯಿಂದ ಬೆನ್ನಿನ ಕಡೆ, ನಾಕು ಸಲ.
ಮುಂದಿನ ಗುಂಡಿ."

ಒತ್ತಿದೆ.
"ರೊಟ್ಟಿ ಬಡಿಯೂದಲ್ಲ," ಅಂದರು.
ಒತ್ತದೆ ಎಳೆದೆ. ಆಗ ಬಂತು ಒಂದು ಸಣ್ಣ ದನಿ,
ಕೂಸು ನಿದ್ದೆಯಲ್ಲಿ ಹಲ್ಲು ಕಡಿದಂತೆ.

ಒಟ್ಟು ಮೂವತ್ತೊಂಬತ್ತು.
ಹನ್ನೊಂದಕ್ಕೆ ಕುಕ್ಕರ್ ಕೂಗಿತು.
ಹದಿನೆಂಟಕ್ಕೆ ಫೋನು: ಎರಡು ಕೇಜಿ, ಮೊಟ್ಟೆ ಇಲ್ಲದ್ದು,
ಹುಡುಗನಿಗೆ ಮೇಲೊಂದು ಜೆಸಿಬಿ ಬೇಕಂತೆ.
ಎಣಿಕೆ ತಪ್ಪಿ ಬೆರಳಿಟ್ಟು ಹುಡುಕಿದೆ.
ಆದದ್ದು ಯಾವುದು, ಆಗದ್ದು ಯಾವುದು
ಬೆರಳಿಗೆ ಗೊತ್ತಾಗುತ್ತಿತ್ತು, ನನಗಿಂತ ಮೊದಲು.
ಬಿಳಿ ಕಡ್ಡಿಯ ತುಂಬ ಕಪ್ಪು ಗೀರು,
ಪಾಟಿಯೇ ಬಳಪದ ಮೇಲೆ ಬರೆದ ಹಾಗೆ.

ಇಪ್ಪತ್ಮೂರನೆಯದು ಮುರಿದಿತ್ತು.
ಹೋದ ವರ್ಷ ಫ್ರೀಜರಿನ ಮಂಜು ಕೆತ್ತಿದವಳು ನಾನೇ.
ಇಷ್ಟು ದಿನ ತಂಗಿಯ ಹೆಸರು ಹೇಳಿಕೊಂಡು ಬಂದಿದ್ದೆ.
"ಅದನ್ನ ಬಿಡು," ಅಂದರು ಮಾವ,
"ಅದಕ್ಕ ಸಮ ಮಾಡಾಕ ಹೋದ್ರ
ಉಳಿದವನ್ನೂ ಸವೆಸಬೇಕಾಗತೈತಿ."

ಹಿಂಬದಿಯ ಸಪಾಟು ಮೈ ಒಮ್ಮೆ ಸವರಿದ ಮೇಲೆ
ಪರೀಕ್ಷೆಗೆ ಅರಳೆ.
ಹತ್ತಿ ಲಾರಿಗಳು ಗಂಜಿನ ಬೇವಿನ ಟೊಂಗೆಗೆ
ಬಿಟ್ಟುಹೋದದ್ದು, ಅದೂ ಆ ಡಬ್ಬಿಯಲ್ಲೇ ಇತ್ತು.
ಬಾಯಿಗುಂಟ ಎಳೆದೆವು.
ಎಳೆ ಎಲ್ಲಿ ಸಿಕ್ಕಿತೋ ಅಲ್ಲಿ ಇನ್ನೂ ಮುಳ್ಳು.
ಎರಡು ಕಡೆ ಸಿಕ್ಕಿತು. ಮತ್ತೆ ಕೂತೆ.

ಸಂಜೆ ಮೊಮ್ಮಗಳು ಪಾಸಾದ ಕೇಕು ಒಯ್ಯಲು
ಮೌಲಾಲಿಯೇ ಬಂದ.
ಪೆಟ್ಟಿಗೆ ಕಟ್ಟುವಷ್ಟರಲ್ಲಿ ಚಾಕು ಎತ್ತಿ
ಟ್ಯೂಬ್‌ಲೈಟಿಗೆ ಹಿಡಿದು ಒಂದು ಕಣ್ಣು ಮುಚ್ಚಿದ.
"ಯಾರು ಮಾಡ್ಯಾರ?"
ನಾನು ದಾರ ಕಡಿಯುತ್ತಿದ್ದೆ, ಹಲ್ಲಿನಿಂದ.
"ಒಂದು ಬಿಟ್ಟಾರ," ಅಂದ.
ಸ್ವಲ್ಪ ಹೊತ್ತಿನ ಮೇಲೆ, "ಬಿಟ್ಟದ್ದ ಚಲೋ ಆತು."

ಈಗ ಪದರ ಸೀಳುವಾಗ ಪುಡಿ ಬೀಳುವುದಿಲ್ಲ.
ಹೋಗುವಾಗೊಮ್ಮೆ, ಬರುವಾಗೊಮ್ಮೆ
ಟಿಕ್ ಅನ್ನುತ್ತದೆ ಇಪ್ಪತ್ಮೂರು.

ತಂಗಿಗೆ ಫೋನು ಮಾಡಬೇಕು.