ನಾಕು ಬೆರಳ ಗಾಳಿ

ಎಂಟು ದಿನಕ್ಕೊಮ್ಮಿ ಬರೂ ನಳಾ
ಅವತ್ತು ನಸುಕಿನ್ಯಾಗ ಬಂತು,
ನಡುವ ಒಂದೀಟು ನಿಂತಿತು.
ಹೊಳ್ಳಿ ಬಂದಾಗ
ಕಸ್ತೂರೆವ್ವನ ಕೊಡದಾಗ ಕೆಂಪು ನೀರು.
ರಕ್ತ ಅಲ್ಲ, ಕುಂಕುಮ ಅಲ್ಲ,
ನಮ್ಮ ಇಳಕಲ್ಲ ಸೀರಿ ಸೆರಗಿನ ಕೆಂಪು.
ಕೂಸಿನ ಹಾಲಿಗೆ ಬೆರಸೂ ನೀರು ಅದು.

ಓಣಿ ಮಂದಿ ಕೂಡಿತು.
ಮುನಸಿಪಾಲ್ಟಿಯವರು ಔಷಧ ಹಾಕ್ಯಾರ ಅಂದ್ರು,
ಗಟಾರ ಒಡದೈತಿ ಅಂದ್ರು.
ಬಸಟೆಪ್ಪ ಮಾಸ್ತರ
"ನಮ್ಮನಿಯಾಗ ಸ್ವಚ್ಛ ಐತಿ" ಅಂತ ಕದಾ ಮುಂದ ಮಾಡಿದ.
ನನಗ ಫೋನ ಬಂತು:
ಯಮನೂರಪ್ಪ, ಪಾನಾ ತಗೊಂಡು ಬಾ.

ಮೂರನೇ ಮನಿ, ಈರಸಂಗಪ್ಪನ ಹಿತ್ತಲ.
ಬಣ್ಣದ ಬಾನಿ.
ಬಾನಿಯೊಳಗ ತಲಿ ಮುಳುಗಿಸಿ
ಹಾಲು ಕುಡದ ಹಾವಿನಂಗ ಮಲಗಿತ್ತು ಹಸರು ಪೈಪು.
ತುದಿ ಎತ್ತಿ ನೋಡಿದೆ:
ಬಾಯಿ ತುಂಬ ಎಲಿ ಅಡಿಕಿ.

ಆದದ್ದು ಇಷ್ಟ.
ಬಾನಿ ತುಂಬಲಿ ಅಂತ ಪೈಪು ಬಿಟ್ಟು ಕುಂತಾಗ
ಈರಸಂಗಪ್ಪಗ ಕಣ್ಣು ಹತ್ತಿತು.
ದೊಡ್ಡ ಟಾಕಿ ಕಡೆ ಯಾರೋ ವಾಲ್ವ್ ತಿರುವಿದ್ರು,
ನಳದ ಉಸರು ನಿಂತಿತು.
ಮಾಸ್ತರನ ಮೋಟರ ಮಾತ್ರ ನಿಂದರಲಿಲ್ಲ.
ನಳಕ್ಕ ನೇರ ಹಚ್ಚ್ಯಾನ,
ಓಣಿಗೆಲ್ಲಾ ಗೊತ್ತು, ಯಾರೂ ಅನ್ನಂಗಿಲ್ಲ.
ಖಾಲಿ ಕೊಳವಿ ಎಳದೇ ಎಳೀತು,
ಸಿಕ್ಕದ್ದು ಕುಡೀತು.
ಅವನ ಸಿಂಟೆಕ್ಸ್ ಕರೇದು,
ಒಳಗಿನ ಬಣ್ಣ ಯಾರಿಗೂ ಕಾಣಂಗಿಲ್ಲ.

ನೀರಿಗೆ ಹೋಗೂ ದಾರಿ, ಬರೂ ದಾರಿ
ಅಂತ ಎರಡಿಲ್ಲ.
ಯಾರು ಜೋರು ಎಳೀತಾರೋ
ಆ ಕಡೆ ಹೊಳ್ಳತೈತಿ.

ಮಂದಿ ಬೈದ್ರು ಈರಸಂಗಪ್ಪಗ.
ಮೊಣಕೈ ತನಕ ಕೆಂಪಾದ ಕೈ ಅವನವು, ಯಾವಾಗಲೂ ಹಂಗ;
ಅವತ್ತು ಮಾತ್ರ ಕಳ್ಳನ ಕೈಯಂಗ ಕಂಡವು.
ನಾ ಬೈಲಿಲ್ಲ.
ಆ ಲೈನು ಹಾಕಿದಾವ ನಾನು.
"ಹೋದ ನೀರು ಹೊಳ್ಳಿ ಬರಲಾರದಂಗ
ಒಂದು ವಾಲ್ವ್ ಹಾಕೂಣೇನು, ಮುನ್ನೂರಾ ಇಪ್ಪತ್ತು"
ಅಂತ ಕೇಳಿದ್ದೆ.
"ಮುಂದ ನೋಡೂಣು" ಅಂದಿದ್ದ.
ಎರಡನೇ ಸಲ ನಾ ಕೇಳಲಿಲ್ಲ.
ಅವತ್ತು ನನಗೂ ಮನಿಗೆ ಹೋಗೂ ಅವಸರಿತ್ತು.

ಈಗ ಹಾಕಿದೆ. ಹಿತ್ತಾಳಿದು.
ಒಳಗೊಂದು ಸಣ್ಣ ಬಾಗಲಾ,
ಒಂದ ಕಡೆ ತೆರೀತೈತಿ.
ರೊಕ್ಕಾ ತಗೊಳ್ಳಿಲ್ಲ.
ಆದ್ರ ಬಾಗಲದ ಭರೋಸ ಎಷ್ಟು?
ಒಂದು ಹಳ್ಳು ಸಿಕ್ಕರ ಸಾಕು, ಬಾಯಿ ತಕ್ಕೊಂಡು ನಿಲ್ಲತೈತಿ.
ಅದಕ್ಕ ಪೈಪಿನ ಕುತ್ತಿಗಿಗೆ ತಂತಿ ಸುತ್ತಿ
ಗೋಡಿ ಮೊಳಿಗೆ ಬಿಗದೆ,
ಬಾನಿ ಅಂಚಿನ ಮ್ಯಾಲ ನಾಕು ಬೆರಳ ಎತ್ತರಕ್ಕ.
ಗಾಳಿಗೆ ರೊಕ್ಕಿಲ್ಲ, ಸವಿಯಂಗಿಲ್ಲ.

"ಇದೇನೋ, ಪೈಪಿಗೂ ಮಡಿ ಕಲಿಸಿದೇನು?"
ಅಂದ್ಲು ಕಸ್ತೂರೆವ್ವ. ಎಲ್ಲಾರೂ ನಕ್ಕರು.
ನಾನೂ ನಕ್ಕೆ.

ಇದೇ ಓಣಿಯಾಗ ನಮ್ಮಪ್ಪ ನೀರು ಕೇಳಿದ್ರ
ತಂಬಿಗಿ ಎತ್ತಿ ಸುರುವತಿದ್ರು ಬೊಗಸಿಗೆ.
ನಡುವ ಒಂದು ಮೊಳ ಗಾಳಿ.
ಆ ಮೊಳದ ಕೆಳಗ ಬಾಗಿ ಬಾಗಿ
ಅವನ ಬೆನ್ನು ಗೂನಾತು.
ಅಪ್ಪನ ಬಾಯಿಂದ ತಂಬಿಗಿಗೆ
ಏನು ಹೊಳ್ಳಿ ಹೋಗೂದಿತ್ತು?
ಬಣ್ಣದ ಬಾನಿ ಮ್ಯಾಲ ಇಡೂ ಅಂತರಾನ
ಮನಷಾನ ಮ್ಯಾಲ ಇಟ್ಟಿದ್ರು.

ಮುಂದಿನ ಪಾಳೆಕ್ಕ ನೀರು ಬಂತು.
ಮದಲ ಎರಡು ಕೊಡ ಗಟಾರಕ್ಕ ಚೆಲ್ಲಿ
ಕಸ್ತೂರೆವ್ವ ಲೋಟಾ ತುಂಬಿದಳು,
ಬೆಳಕಿಗೆ ಹಿಡದಳು.
"ಇನ್ನೂ ಒಂಚೂರು ಕೆಂಪ ಐತೇನೋ?"
"ಅದು ನಿನ್ನ ಸೆರಗಿನ ನೆರಳು, ಯವ್ವಾ."
ನಂಬಿದಳೋ ಇಲ್ಲೋ.
ಲೋಟಾ ನನ್ನ ಕೈಯಾಗ ಇಟ್ಟಳು,
ಅಕಿ ಬೆರಳು ನನ್ನ ಬೆರಳಿಗೆ ಹತ್ತಿದವು.
"ಹಂಗಾರ ನೀನ ಮದಲ ಕುಡಿ" ಅಂದ್ಲು.

ತುಟಿ ಹಚ್ಚಿ ಕುಡದೆ.