ಒಂದು ಚದರ ಮೀಟರ್ ಹಿಮ

ಉಕ್ಕಿನ ಕಾರ್ಖಾನೆಯ ಬೇಲಿಯಿಂದ ನಾನೂರ ಹತ್ತು ಹೆಜ್ಜೆ,
ಹತ್ತೊಂಬತ್ತನೇ ಶಾಲೆಯ ಹಿಂದಿನ ಬಯಲು.
ಮರದ ಚೌಕಟ್ಟನ್ನು ಹಿಮಕ್ಕೆ ಒತ್ತುತ್ತೇನೆ,
ಉದ್ದ ಐವತ್ತು ಸೆಂಟಿಮೀಟರ್, ಅಗಲ ಐವತ್ತು.
ಅಂಚಿನದ್ದು ಬಿಡು, ಬೂಟಿನ ಮಣ್ಣು ಸೇರಿಸಬೇಡ
ಅಂತ ರೌಶಾನ್ ಹೇಳಿಕೊಟ್ಟದ್ದು.
ಅವಳಿಗೆ ಕಲಿಸಿದ್ದು ಗ್ರಂಥಾಲಯದ ಹಳೆಯ ಕೈಪಿಡಿ,
ಅದರಲ್ಲೂ ಎರಡು ಪುಟ ಯಾರೋ ಹರಿದಿದ್ದರು.

ನನ್ನದು ಟ್ರಾಮಿನ ಗಣಿತ.
ಇಪ್ಪತ್ತೆರಡು ವರ್ಷ ಟಿಕೆಟ್ ಹರಿದವಳು,
ಚಿಲ್ಲರೆಯಾಚೆಗೆ ದಶಮಾಂಶ ಬೇಕಾಗಿರಲಿಲ್ಲ.
ಕಪ್ಪು ಹಿಮ ಕಣ್ಣೆದುರೇ ಬಿದ್ದಿದೆ,
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂದೆ ಮೊದಲ ಚಳಿಗಾಲ.
ಅಂಗೈ ಅವರಿಗೆ ಕಾಣುವುದಿಲ್ಲ ಲಿದಾ,
ಕನ್ನಡಿ ಮಾತ್ರ ಕಾಣುತ್ತೆ, ಅಂದಳು.

ಈಗ ನನ್ನ ಅಡುಗೆಮನೆಯಲ್ಲಿ ಹಿಮ ಕರಗುತ್ತದೆ.
ಸೋಸುವ ಕಾಗದ, ಬರಿದು: ಒಂದು ಪಾಯಿಂಟ್ ಒಂದು ಎರಡು ಗ್ರಾಂ.
ತಕ್ಕಡಿ ಅಕ್ಕಸಾಲಿಗ ಎರ್ಲಾನನದು;
ಅಂಗಡಿಯ ಬಾಗಿಲೆಳೆದು, ಉಂಗುರ ತೂಗುವ ತಟ್ಟೆಯಲ್ಲಿ
ನಮ್ಮ ಮಸಿ ತೂಗುತ್ತಾನೆ, ಉಸಿರು ಬಿಗಿಹಿಡಿದು.
ಒಣಗಿಸು, ತೂಗು. ಮತ್ತೆ ಒಣಗಿಸು, ಮತ್ತೆ ತೂಗು.
ಎರಡು ಸಲ ಒಂದೇ ಅಂಕಿ ಬರುವತನಕ ನಂಬಬೇಡ.
(ನನ್ನ ಗಂಡನ ವಿಷಯಕ್ಕೂ ಈ ನಿಯಮ ಬೇಕಿತ್ತು.)

ನಾಲ್ಕು ಪಾಯಿಂಟ್ ಮೂರು ಏಳು.
ಕಳೆದರೆ ಮೂರೂಕಾಲು. ಚೌಕಟ್ಟು ಕಾಲು ಚದರ ಮೀಟರ್,
ನಾಲ್ಕರಿಂದ ಗುಣಿಸಿದರೆ ಹದಿಮೂರು.
ಹಿಮ ಬಿದ್ದು ಇಪ್ಪತ್ತಾರು ದಿನ.
ದಿನಕ್ಕೆ ಅರ್ಧ ಗ್ರಾಂ.
ಇಷ್ಟೇನಾ ಅಂದೆ. ನಿಜಕ್ಕೂ ನಿರಾಸೆಯಾಯಿತು.
ರೌಶಾನ್ ಊರಿನ ನಕ್ಷೆ ತಂದು ಚಹದ ಬಟ್ಟಲುಗಳ ನಡುವೆ ಹರಡಿದಳು:
ನಲವತ್ತು ಚದರ ಕಿಲೋಮೀಟರ್.
ಸೊನ್ನೆಗಳನ್ನು ನಾನೇ ಬೆರಳಿಟ್ಟು ಎಣಿಸಿದೆ,
ದಿನಕ್ಕೆ ಇಪ್ಪತ್ತು ಟನ್.
ಇದನ್ನು ಹೊರಗೆ ಹೇಳುವಂತಿಲ್ಲ, ಅಂದಳು,
ಎಲ್ಲ ಕಡೆ ಒಂದೇ ಸಮ ಬಿದ್ದಿದ್ದರೆ ಮಾತ್ರ ನಿಜ.
ನಾನು ಹೇಳಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ.

ಆಮೇಲೆ ತೊಲ್ಕಿನ್ ಫ್ರಿಜ್ಜಿನ ಮೇಲಿದ್ದ ಆಯಸ್ಕಾಂತ ಕಿತ್ತು
ಒಣ ಮಸಿಯ ಮೇಲೆ ಆಡಿಸಿದಳು.
ಮೂರರಲ್ಲಿ ಎರಡು ಪಾಲು ಎದ್ದು ಅಂಟಿತು, ಮೀಸೆಯ ಹಾಗೆ.
ಒಂದು ಪಾಲು ಏಳಲಿಲ್ಲ.
ಅದು ನಮ್ಮ ಒಲೆಯದು, ಎಂದರು ಯಾರೋ, ಮೆಲ್ಲಗೆ.
ತೊಲ್ಕಿನ್ ಆ ಸಾಲು ಹೊಡೆದುಹಾಕೋಣ ಅಂದಳು.
ಜಗಳ ಹನ್ನೆರಡರವರೆಗೆ.
ಬೂಟಿನ ಮಣ್ಣು ಸೇರಿಸಬೇಡ ಅಂದವಳು
ಮನೆಯ ಬೂದಿ ಗುಡಿಸಿ ಹಾಕಲು ಬಿಡುತ್ತಾಳೆಯೇ?

ಮಂಗಳವಾರದ ಸಭೆ.
ವರ್ಷದ ಸರಾಸರಿ ಮಿತಿಯೊಳಗೇ ಇದೆ, ಅಂದರು ಎಂಜಿನಿಯರು.
ಸರಾಸರಿ ನನಗೆ ಗೊತ್ತು.
ನನ್ನ ಟ್ರಾಮಿನಲ್ಲಿ ಸರಾಸರಿ ಹದಿನೆಂಟು ಜನ:
ಬೆಳಿಗ್ಗೆ ಏಳಕ್ಕೆ ಒಬ್ಬರ ಕಾಲ ಮೇಲೊಬ್ಬರು,
ರಾತ್ರಿ ಹನ್ನೊಂದಕ್ಕೆ ನಾನು, ಮತ್ತೆ ಒಬ್ಬ ಕುಡುಕ.
ತುಳಿಸಿಕೊಂಡ ಕಾಲಿಗೆ ಹದಿನೆಂಟು ಅಂತ ಹೇಳಿ ನೋಡಿ.

ಅವರು ನಮ್ಮ ಹಾಳೆ ತಿರುವಿದರು, ಮುಖ ಅರಳಿತು.
ಮೂರನೇ ಒಂದು ಪಾಲು ನಿಮ್ಮ ಒಲೆಗಳದ್ದಂತೆ, ನೀವೇ ಬರೆದಿದ್ದೀರಿ.
ಹೌದು, ಅಂದೆ. ನನ್ನದೇ ಕೈಬರಹ.
ಮುಂದಿನ ಸಾಲೂ ಓದಿ. ಗಟ್ಟಿಯಾಗಿ.
ಅವರು ಕನ್ನಡಕ ಹುಡುಕತೊಡಗಿದರು.
ಬಹಳ ಹೊತ್ತು ಹುಡುಕಿದರು.

ಮನೆಗೆ ಬಂದಾಗ ಮೈನಸ್ ಇಪ್ಪತ್ತೇಳು.
ಒಲೆಗೆ ಕಲ್ಲಿದ್ದಲು ಹಾಕಿದೆ.
ತೂಗಿಯೇ ಹಾಕಿದೆ.