ನೀರಿನ ಪಾಳಿ

ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆ.
ಆಳೆತ್ತರದ ಕಬ್ಬಿಣದ ಚಾವಿ ಹೆಗಲಿಗೇರಿಸಿ
ದಾವಲಸಾಬ ಬಂದಾಗ ಬಂತು.
ಒಂದು ಕಾಲಕ್ಕ ರೇಲ್ವೆ ವರ್ಕ್‌ಶಾಪ್ ಟೀಮಿನ ಎಡಗಡೆ ಆಟಗಾರ,
ಈಗಲೂ ಗಟಾರ ದಾಟುವುದು ಎಡಗಾಲು ಮುಂದಿಟ್ಟೇ.

'ತವರಿನ ಮ್ಯಾಚ್ ಅಂತಾರ,' ಅಂದ ಒಮ್ಮೆ, ವಾಲ್ವ್ ತಿರುವುತ್ತ,
'ಒಂದು ಕೋಲ್ಕತ್ತಾದಾಗ, ಒಂದು ಗುವಾಹಟಿಯಾಗ,
ಮುಂದಿಂದು ಕೊಚ್ಚಿಯಾಗಂತ.
ಒಬ್ಬಾಕಿಗೆ ತವರು ಎಷ್ಟಿರತಾವವ್ವಾ?'
ಕೊಡ ಹಿಡಿದು ನಿಂತಿದ್ದ ಬಸಲಿಂಗವ್ವ ಅಂದಳು:
'ಅಲ್ಲೂ ಯಾರದೋ ಕೈಯಾಗ ಚಾವಿ ಐತಿ ತಗೋ.'

ಧಾರವಾಡಕ್ಕೆ ಬಿಟ್ಟರೆ ಹುಬ್ಬಳ್ಳಿ ಒಣಗತೈತಿ,
ಹುಬ್ಬಳ್ಳಿಗೆ ಬಿಟ್ಟರೆ ಧಾರವಾಡ ಫೋನು ಹಚ್ಚತೈತಿ.
ಹೆಸರಿನ ನಡುವೆಯೇ ಒಂದು ಅಡ್ಡಗೆರೆ ಇಟ್ಟುಕೊಂಡ ಊರು ನಮ್ಮದು,
ಹಂಚಿಕೆ ಹೊಸದಲ್ಲ.

ಕೊನೆಯ ಅರ್ಹತಾ ಪಂದ್ಯ ಪರದೇಶದಲ್ಲಿ,
ನಮಗೆ ರಾತ್ರಿ ಒಂದೂವರೆ.
ಅವತ್ತೇ ನಮ್ಮ ಪಾಳಿ.
ಓಣಿಗೆ ಓಣಿಯೇ ಎಚ್ಚರ: ಅರ್ಧ ನೀರಿಗೆ,
ಅರ್ಧ ಕಟ್ಟೆಯ ಮೇಲೆ ಚೊಂಬಿಗಾನಿಸಿಟ್ಟ ಫೋನಿಗೆ.
ಡ್ರಾ ಆದರೂ ಸಾಕು ಅನ್ನುವ ಲೆಕ್ಕ.
ಎಂಬತ್ತೆಂಟನೇ ನಿಮಿಷ. ನಮ್ಮ ಗೋಲಿ ತಡೆದ ಚೆಂಡು
ಪುಟಿದು ಮತ್ತೆ ಅವರ ಕಾಲಿಗೇ ಬಿತ್ತು.

ಯಾರೂ ಮಾತಾಡಲಿಲ್ಲ.
ಆಮೇಲೆ ಕೇಳಿಸಿತು
ಹಂಡೆ ತುಂಬಿ ಹರಿಯುವ ಸದ್ದು,
ಎಷ್ಟು ಹೊತ್ತಿನಿಂದಲೋ.
ಬಂದ್ ಮಾಡುವ ವೇಳೆ ಮೀರಿತ್ತು.
ಗೋಡೆಗೊರಗಿದ್ದ ಚಾವಿಯತ್ತ ನೋಡಿದ ದಾವಲಸಾಬ,
ಎತ್ತಿಕೊಳ್ಳಲಿಲ್ಲ.
'ಹರೀಲಿ ಬಿಡ್ರಿ,' ಅಂದ, 'ಇನ್ನೊಂದು ಐದು ನಿಮಿಷ.
ಇಂಜುರಿ ಟೈಮು.'